ಅಂತರಸನಹಳ್ಳಿಯ ಶೆಡ್ಡಿನಲ್ಲಿ ಕಟ್ಟಿದ ಗಾಳಿ ಸುರಂಗ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದ ಮೇಲೆ, ನನ್ನ ಡಿಪ್ಲೊಮಾ ವಿದ್ಯಾರ್ಥಿಗಳು ರೆಕ್ಕೆಯ ಬಗ್ಗೆ ಕೇಳುವುದು ಹೆಚ್ಚಾಯಿತು. ಕಪ್ಪುಹಲಗೆಯ ಮೇಲೆ ಬಾಣಗಳನ್ನು ಬರೆದು ವಿವರಿಸುವುದು ನನಗೇ ಸಾಕಾಗಿತ್ತು. ಬೇಸಿಗೆ ರಜೆಯಲ್ಲಿ, ತುಮಕೂರಿನ ಅಂತರಸನಹಳ್ಳಿಯಲ್ಲಿ ಪರಿಚಯದ ಬಡಗಿಯೊಬ್ಬರ ಶೆಡ್ಡಿನ ಮೂಲೆಯಲ್ಲಿ ಪ್ಲೈವುಡ್ ಕೊಯ್ಯಲು ನಿಂತೆ. ಕಟ್ಟಬೇಕಿದ್ದದ್ದು ಗಾಳಿ ಸುರಂಗ: ಒಳಗೆ ರೆಕ್ಕೆಯ ಮಾದರಿಯನ್ನು ನಿಲ್ಲಿಸಿ, ಅದರ ಮೇಲೆ ಗಾಳಿ ಹಾಯಿಸಿ ನೋಡುವ ಉದ್ದನೆಯ ಪೆಟ್ಟಿಗೆ.

ಫ್ಯಾನನ್ನು ಎದುರಿಗಿಟ್ಟು ಊದಿದರೆ ಗಾಳಿ ಹಗ್ಗದಂತೆ ಹೊಸೆದುಕೊಂಡು ಬರುತ್ತದೆ. ಆದ್ದರಿಂದ 18 ಅಂಗುಲದ ಎಕ್ಸಾಸ್ಟ್ ಫ್ಯಾನನ್ನು ಹಿಂದಿನ ತುದಿಗೆ ಕೂರಿಸಿ ಗಾಳಿಯನ್ನು ಎಳೆಸಿದೆ. ಮುಂದಿನ ಬಾಯಿ 60 ಸೆಂಟಿಮೀಟರ್ ಚೌಕ, ರೆಕ್ಕೆ ನಿಲ್ಲುವ ಪರೀಕ್ಷಾ ಕೋಣೆ 25 ಸೆಂಟಿಮೀಟರ್ ಚೌಕ. ಒಳಬರುವ ಗಾಳಿಯನ್ನು ನೇರ ಮಾಡಲು ಬಾಯಿಗೆ ಜೇನುಗೂಡಿನಂಥ ಜಾಲರಿ ಬೇಕು. ಅದಕ್ಕೆ ಎಳನೀರಿನ ಅಂಗಡಿಗೆ ಬರುವ ಸ್ಟ್ರಾಗಳನ್ನೇ ತಂದು, ಒಂದೊಂದನ್ನೂ ನಾಲ್ಕು ತುಂಡು ಮಾಡಿದೆವು. ಹತ್ತು ಸಾವಿರ ತುಂಡುಗಳು! ಅಂಟು ಒಣಗುವವರೆಗೆ ಇಬ್ಬರು ಹುಡುಗರು ಚೌಕಟ್ಟನ್ನು ಅಲ್ಲಾಡದಂತೆ ಹಿಡಿದು ಕೂತಿದ್ದರು.

ಮೊದಲ ಓಟದಲ್ಲಿ ರೆಕ್ಕೆ ಗಡಗಡ ನಡುಗಿತು. ಸ್ಟ್ರಾಗಳ ಮೇಲೆ ಅನುಮಾನಪಟ್ಟು ಮೂರು ದಿನ ಕಳೆದೆ. ಕೊನೆಗೆ ಸುರಂಗದ ಗೋಡೆಯುದ್ದಕ್ಕೂ ಉಲ್ಲನ್ ಎಳೆಗಳನ್ನು ಅಂಟಿಸಿ ನೋಡಿದೆ. ಪರೀಕ್ಷಾ ಕೋಣೆಯಲ್ಲಿ ಎಳೆಗಳು ನೆಟ್ಟಗೆ ಮಲಗಿದ್ದವು. ಅದರ ಹಿಂದೆ, ಫ್ಯಾನಿನತ್ತ ಅಗಲವಾಗುವ ಭಾಗದಲ್ಲಿ ಅವು ಹಿಮ್ಮುಖವಾಗಿ ಕುಣಿಯುತ್ತಿದ್ದವು. ಜಾಗ ಸಾಲದೆಂದು ಆ ಭಾಗವನ್ನು ಎರಡೇ ಅಡಿಗೆ ಮುಗಿಸಿದ್ದೆ. ಅಷ್ಟು ಬೇಗ ದಾರಿ ಅಗಲವಾದರೆ ಗಾಳಿ ಗೋಡೆಯನ್ನು ಬಿಟ್ಟು ಸುಳಿಯಾಗುತ್ತದೆ, ಆ ಏರುಪೇರು ಮುಂದಿನವರೆಗೂ ತಟ್ಟುತ್ತದೆ. ಐದೂವರೆ ಅಡಿ ಉದ್ದದ ಹೊಸದನ್ನು ಮಾಡಿ, ಪ್ರತಿ ಗೋಡೆಯ ಓರೆಯನ್ನು ಮೂರೂವರೆ ಡಿಗ್ರಿಗೆ ಇಳಿಸಿದೆ. ಸುರಂಗದ ಬಾಲ ಬಾಗಿಲಿನಿಂದ ಹೊರಗೆ ಚಾಚಿತು, ಆದರೆ ರೆಕ್ಕೆ ಅಲುಗದೆ ನಿಂತಿತು. ಗಾಳಿಯನ್ನು ಓಡಿಸುವುದು ಸುಲಭ; ಸಮವಾಗಿ ಓಡಿಸುವುದೇ ನಿಜವಾದ ಕೆಲಸ.

ವೇಗ ಅಳೆಯಲು, ಎದುರು ಬರುವ ಗಾಳಿಯ ಒತ್ತಡವನ್ನು ಹಿಡಿಯುವ ಪಿಟೋ ಕೊಳವೆಗೆ ಯು ಆಕಾರದ ನೀರಿನ ಕೊಳವೆ ಜೋಡಿಸಿದೆ. ನೀರು 12 ಮಿಲಿಮೀಟರ್ ಏರಿತು. ಎಂದರೆ ಸೆಕೆಂಡಿಗೆ 14 ಮೀಟರಿಗೂ ಹೆಚ್ಚು.

ಇಷ್ಟರಿಂದ ವಿಮಾನ ವಿನ್ಯಾಸ ಸಾಧ್ಯವಿಲ್ಲ ಎಂದು ಹುಡುಗರಿಗೆ ಸ್ಪಷ್ಟವಾಗಿ ಹೇಳುತ್ತೇನೆ. ಮಾದರಿ ಚಿಕ್ಕದಾದಷ್ಟೂ ಗಾಳಿಯ ಜಿಗುಟು ಅದರ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆ. ರೆನಾಲ್ಡ್ಸ್ ಸಂಖ್ಯೆ ಹೇಳುವುದು ಇದನ್ನೇ. ಅನಿಲ ತಣ್ಣಗಾದಷ್ಟೂ ಅದರ ಜಿಗುಟು ಇಳಿಯುತ್ತದೆ. ಹಾಗಾಗಿ ಮಾದರಿಗೂ ನಿಜವಾದ ವಿಮಾನಕ್ಕೂ ಇರುವ ಈ ಅಂತರ ತುಂಬಲೆಂದೇ ನಾಸಾದ ಲ್ಯಾಂಗ್ಲಿ ಕೇಂದ್ರದ ಒಂದು ಸುರಂಗದಲ್ಲಿ ಕೊರೆಯುವಷ್ಟು ತಣ್ಣಗಿನ ನೈಟ್ರೋಜನ್ ಹರಿಸುತ್ತಾರೆ. ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ 1.2 ಮೀಟರ್ ಟ್ರೈಸಾನಿಕ್ ಸುರಂಗ (ಶಬ್ದದ ವೇಗಕ್ಕಿಂತ ಕಡಿಮೆ, ಅದರ ಆಸುಪಾಸು, ಅದಕ್ಕಿಂತ ಹೆಚ್ಚು, ಈ ಮೂರೂ ವೇಗಗಳದ್ದು) 1960ರ ದಶಕದಿಂದಲೂ ದುಡಿಯುತ್ತಿದೆ. ಒತ್ತಡದಲ್ಲಿ ಕೂಡಿಟ್ಟ ಗಾಳಿಯನ್ನು ಒಮ್ಮೆಗೇ ಬಿಟ್ಟು, ಕೆಲವೇ ಸೆಕೆಂಡುಗಳಲ್ಲಿ ಅಳತೆ ಮುಗಿಸುತ್ತಾರೆ. ತೇಜಸ್ ಮತ್ತು ಇಸ್ರೋ ರಾಕೆಟ್‌ಗಳ ಮಾದರಿಗಳು ಅಲ್ಲಿ ಪರೀಕ್ಷೆಗೊಳಗಾಗಿವೆ. 1901ರಲ್ಲಿ ರೈಟ್ ಸಹೋದರರ ಸುರಂಗ ಆರಡಿ ಉದ್ದದ ಮರದ ಪೆಟ್ಟಿಗೆಯಷ್ಟೇ ಎನ್ನುವುದನ್ನೂ ಸೇರಿಸುತ್ತೇನೆ. ಹುಡುಗರ ಮುಖ ಅರಳುವುದು ಆಗ.

ಕಳೆದ ವಾರ ರೆಕ್ಕೆಯ ಕಂಬವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನಿಲ್ಲಿಸಿದೆವು. ಎಂಟು ಡಿಗ್ರಿ ಓರೆಯಲ್ಲಿ ತೂಕ 160 ಗ್ರಾಂ ಇಳಿಯಿತು. ಹದಿನಾಲ್ಕಕ್ಕೆ ತಿರುಗಿಸಿದಾಗ ರೆಕ್ಕೆಯ ಬೆನ್ನಿನ ಎಳೆಗಳೆಲ್ಲ ಎದ್ದು ಹಿಂದುಮುಂದಾದವು, ತಕ್ಕಡಿಯ ಅಂಕಿ ಮತ್ತೆ ಏರತೊಡಗಿತು. ಗಾಳಿ ರೆಕ್ಕೆಯ ಬೆನ್ನನ್ನು ಬಿಟ್ಟು, ಎತ್ತುವ ಬಲ ಕುಸಿಯುತ್ತಿತ್ತು. "ಸ್ಟಾಲ್!" ಎಂದು ಕೂಗಿದ್ದು ಹಿಂದಿನ ಬೆಂಚಿನ ಹುಡುಗಿ.