ರಿಸೀವರ್ ಎತ್ತಿ ಮಾತಾಡಿ, ಬೀದಿ ಬೆಳಗುತ್ತದೆ: ಕೋಲಾರದಲ್ಲಿ ನನ್ನ ಅನುಭವ

ಮೈಕ್‌ಸೆಟ್, ಸೀರಿಯಲ್ ಸೆಟ್ ಕೆಲಸದಲ್ಲಿರುವವರಿಗೆ ಹಾಡಿಗೆ ಕುಣಿಯುವ ಲೈಟು ಹೊಸದಲ್ಲ. ನನಗೆ ಬೇಕಿದ್ದದ್ದು ಬೇರೆ. ದಾರಿಹೋಕರು ಮಾತಾಡಬೇಕು, ಆ ಮಾತು ಬೆಳಕಿನ ಜೊತೆ ಕಮಾನಿನಿಂದ ಕಮಾನಿಗೆ ಸಾಗಬೇಕು. 2013ರಲ್ಲಿ ರಫೇಲ್ ಲೊಜಾನೊ-ಹೆಮ್ಮರ್ ಅನ್ನುವ ಕಲಾವಿದರು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ 300 ದೀಪ ಹಾಕಿ ಇಂಥದ್ದನ್ನೇ ಮಾಡಿದ್ದರು. ಹೊಸ ಧ್ವನಿ ಬಂದರೆ ಹಳೆಯದು ಮುಂದಿನ ದೀಪಕ್ಕೆ ಸರಿಯುತ್ತಿತ್ತು. ನಮ್ಮ ಗಣೇಶನ ಪೆಂಡಾಲ್ ಬೀದಿಗೆ ನಾನು 8 ಕಮಾನು ಹಾಕಿದೆ, ಒಂದೊಂದಕ್ಕೂ ಲೈಟು, ಸ್ಪೀಕರ್. 8 ಯಾಕೆ ಅಂದರೆ, ಅಗ್ಗದ 7.1 ಯುಎಸ್‌ಬಿ ಸೌಂಡ್ ಕಾರ್ಡ್‌ನಲ್ಲಿ ಸಿಗುವುದೇ 8 ಚಾನೆಲ್, ಅಂದರೆ ಬೇರೆ ಬೇರೆ ಸದ್ದು ಕಳಿಸುವ 8 ದಾರಿ.

ಕಮಿಟಿಯವರು ನಕ್ಕರು. "ಅಣ್ಣಾ, ಸುಮ್ನೆ ಎರಡು ಶಾರ್ಪಿ ಬೀಮ್ ಲೈಟ್ ತಂದು ನಿಲ್ಲಿಸು. ಮೈಕ್ ಮುಂದೆ ಯಾರು ಮಾತಾಡ್ತಾರೆ?"

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಸ್ಟ್ಯಾಂಡ್ ಮೈಕ್ ಇಟ್ಟಾಗ ಹುಡುಗರು "ಹಲೋ, ಚೆಕ್ ಚೆಕ್" ಅಂದು ಓಡಿದರು. ದೊಡ್ಡವರು ದೂರದಿಂದಲೇ ನೋಡಿ ಹೋದರು. ತಮಟೆ, ಬೈಕ್ ಹಾರ್ನ್, ಜನರೇಟರ್ ಎಲ್ಲಕ್ಕೂ ಲೈಟು ಹಾರುತ್ತಿತ್ತು. ಮೊದಲ ಕಮಾನಿನ ಸ್ಪೀಕರ್ ಸದ್ದು ಮತ್ತೆ ಮೈಕಿಗೇ ಹೋಗಿ ಕುಯ್ಯೆಂದು ಕೂಗುತ್ತಿತ್ತು.

ಕೆಲಸ ಮಾಡಿದ್ದು ಗುಜರಿ ಅಂಗಡಿಯ ಹಳೇ ಲ್ಯಾಂಡ್‌ಲೈನ್ ಫೋನ್. ನೂರೈವತ್ತೋ ಇನ್ನೂರೋ ಕೊಟ್ಟಿರಬೇಕು. ರಿಸೀವರ್ ಬಿಚ್ಚಿ, ಒಳಗಿನ ಕಾರ್ಬನ್ ಮೈಕ್ ತೆಗೆದು, ಕಾಲರ್ ಮೈಕಿನ ಕ್ಯಾಪ್ಸೂಲ್ (ಸದ್ದು ಹಿಡಿಯುವ ಪುಟ್ಟ ಭಾಗ) ಕೂರಿಸಿದೆ. ಬಾಯಿ ಪಕ್ಕದಲ್ಲೇ ಇರುತ್ತದಲ್ಲ, ಗೇನ್ (ಮೈಕ್ ಸದ್ದು ಹಿಗ್ಗಿಸುವ ಮಟ್ಟ) ಇಳಿಸಿದರೆ ತಮಟೆ ಸದ್ದು ಹಿಂದಕ್ಕೆ ಹೋಯಿತು. ಎತ್ತಿದಾಗ ರೆಕಾರ್ಡ್, ಇಟ್ಟ ಮೇಲೆ ಪ್ಲೇ. ಎರಡೂ ಒಟ್ಟಿಗೆ ಆಗದ್ದರಿಂದ ಕೂಗಾಟವೂ ನಿಂತಿತು. ಫೋನ್ ಕಂಡರೆ ಯಾರಿಗೂ ನಾಚಿಕೆ ಇಲ್ಲ. ಒಬ್ಬ ಅಜ್ಜಿ ಸೊಸೆಯ ಮೇಲಿನ ದೂರನ್ನೆಲ್ಲ ತೆಲುಗಿನಲ್ಲಿ ಹೇಳಿ ಇಟ್ಟರು. ಇಡೀ ಬೀದಿ ಕೇಳಿತು! ಆಮೇಲೆ 10 ಸೆಕೆಂಡಿಗೆ ಕಟ್ ಆಗುವ ಹಾಗೆ ಮಾಡಿದೆ.

ಲೈಟಿಗೆ 5 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಈ ಕೆಲಸಕ್ಕೆ ಬೇಡ. ಎರಡು ಸ್ಟ್ರಿಪ್ ಸೇರಿಸಿದರೆ ಸಾಕು, ತುದಿಯಲ್ಲಿ ಬಿಳಿ ಬಣ್ಣ ಕೆಂಪಗಾಗುತ್ತದೆ. ಎರಡೂ ಕಡೆಯಿಂದ ಪವರ್ ಕೊಟ್ಟರೆ ತಂತಿಗೇ ದುಡ್ಡು ಜಾಸ್ತಿ. 12 ವೋಲ್ಟಿನ ಡಬ್ಲ್ಯುಎಸ್2811 ಚಿಪ್ಪಿನ ಸ್ಟ್ರಿಪ್ ಹಾಕಿ, ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗಿಡಿ. 20 ಆಂಪ್ ಅಂತ ಮಾರಿದ ಒಂದು ಎಸ್‌ಎಂಪಿಎಸ್ (ಪವರ್ ಕೊಡುವ ಡಬ್ಬಿ) ಹನ್ನೆರಡು ಆಂಪ್‌ಗೇ ಹೊಗೆ ಬಿಟ್ಟಿತು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟಿಗೆ ಓಡಾಡಿದ ಬಸ್ ಚಾರ್ಜೂ ಸೇರಿ ಒಟ್ಟು 35 ಸಾವಿರದ ಆಸುಪಾಸು. ಕಮಿಟಿ ಕೊಟ್ಟದ್ದು ಅದರ ಅರ್ಧ.

ಧ್ವನಿ ಒಂದು ಕಮಾನಿನಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಹೊತ್ತು ಎರಡೂ ಕಡೆ ಇರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಆ ಲೆಕ್ಕ ಮಾತ್ರ ನನ್ನ ಅಂಗಡಿಯ ಗುಟ್ಟು.

ನಡುವೆ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವ ಗೆಳೆಯನೊಬ್ಬನನ್ನು ಕರೆಸಿದೆ. ಅವನು ಉಸಿರು ಬಿಡದೆ ರೇಟು ಕೂಗಿದ. ಲೈಟಿಗೆ ಆರುವುದಕ್ಕೇ ಪುರುಸೊತ್ತಿಲ್ಲ, ಎಲ್ಲ ಸುಮ್ಮನೆ ಉರಿಯುತ್ತಲೇ ಇತ್ತು. ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡಿದವರದ್ದೇ ಚೆಂದ. ಸ್ಪೀಕರ್ ಬಾಯಿಗೆ ಮಡಕೆ ಕಟ್ಟಿಯೂ ನೋಡಿದೆ. ಗಂಡಸರ ದನಿ ಗುಮ್ಮೆಂದಿತು, ಮಾತು ಮಾತ್ರ ತಿಳಿಯಲಿಲ್ಲ. ಬಿಚ್ಚಿಬಿಟ್ಟೆ.

ಈಗ ಅದೇ ಕಮಿಟಿ 12 ಕಮಾನು ಕೇಳುತ್ತಿದೆ. ಎರಡನೇ ಸೌಂಡ್ ಕಾರ್ಡ್ ಹಾಕಿದರೆ ಹೊತ್ತು ಹೋದಂತೆ ಎರಡರ ಟೈಮಿಂಗ್ ಬೇರೆಯಾಗುತ್ತದೆ. ಅಡ್ವಾನ್ಸ್ ತಗೊಂಡಾಗಿದೆ. ಅಗ್ಗದಲ್ಲಿ ಇದನ್ನು ಸರಿಮಾಡಿದವರಿದ್ದರೆ ಹೇಳಿ, ಬದಲಿಗೆ ಆ ಗುಟ್ಟಿನ ಲೆಕ್ಕ ಕೊಡುತ್ತೇನೆ.