ಇಂಗ್ಲೆಂಡಿನಲ್ಲಿ ಏರ್‌ಸಾಫ್ಟ್: ತೋಟದ ಕೋವಿಯ ಎಣ್ಣೆ ಇದಕ್ಕೆ ಬೇಡ

ಸಕಲೇಶಪುರದ ತೋಟದ ಮನೆಯಲ್ಲಿ ಅಜ್ಜನ ಕೋವಿ ಒರೆಸಿ ಬೆಳೆದವನು ನಾನು. ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದು ಅಂತ ನಳಿಗೆಗೆ ಎಣ್ಣೆ ಜಾಸ್ತಿಯೇ ಸವರುತ್ತಿದ್ದೆವು. ಇಂಗ್ಲೆಂಡಿಗೆ ಬಂದ ಮೇಲೆ ಏರ್‌ಸಾಫ್ಟ್ ಆಡತೊಡಗಿದೆ. ಆಟದ ಬಂದೂಕಿನಿಂದ ಪುಟ್ಟ ಪ್ಲಾಸ್ಟಿಕ್ ಗುಂಡು ಹಾರಿಸಿ ಎದುರಾಳಿಗೆ ತಾಗಿಸುವ ಆಟ ಅದು. ಅದೇ ರೂಢಿಯಲ್ಲಿ ನನ್ನ ಮೊದಲ ಗ್ಯಾಸ್ ಪಿಸ್ತೂಲಿನ, ಗುಂಡು-ಗ್ಯಾಸ್ ಎರಡನ್ನೂ ತುಂಬುವ ಮ್ಯಾಗಜಿನ್‌ಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ. ಕೆಲವೇ ವಾರದಲ್ಲಿ ರಬ್ಬರ್ ರಿಂಗು ಊದಿಕೊಂಡು ಗ್ಯಾಸ್ ಸೋರತೊಡಗಿತು. ಹಾಸನ, ಚಿಕ್ಕಮಗಳೂರು ಕಡೆಯಿಂದ ಓದಲು, ಕೆಲಸಕ್ಕೆ ಇಲ್ಲಿಗೆ ಬರುವ ಹುಡುಗರಿಗೆ ಹಾಗಾಗಬಾರದು.

ಮೊದಲು ಕಾನೂನು. ಏರ್‌ಸಾಫ್ಟ್‌ಗೆ ಇಲ್ಲಿ ಕೋವಿಯಂತೆ ಲೈಸೆನ್ಸ್ ಬೇಕಿಲ್ಲ. ಆದರೆ ಶಕ್ತಿಗೆ ಮಿತಿ ಇದೆ. ಒಂದೊಂದೇ ಗುಂಡು ಹಾರಿಸುವಂಥದ್ದಕ್ಕೆ 2.5 ಜೂಲ್, ಸತತವಾಗಿ ಹಾರಿಸುವಂಥದ್ದಕ್ಕೆ 1.3 ಜೂಲ್. ಕೊಳ್ಳಲು 18 ತುಂಬಿರಬೇಕು. ಅಸಲಿ ಬಂದೂಕಿನಂತೆಯೇ ಕಾಣುವುದು ಬೇಕಾದರೆ ನೀವು ಆಟಗಾರರು ಅಂತ ತೋರಿಸಬೇಕು. ಅಂಗಡಿಯವರು ಸಾಮಾನ್ಯವಾಗಿ ಕೇಳುವುದು ಯುಕಾರಾ ನೋಂದಣಿ, ಅಂದರೆ ಏರ್‌ಸಾಫ್ಟ್ ಅಂಗಡಿಗಳ ಸಂಘ ಇಟ್ಟಿರುವ ಆಟಗಾರರ ಪಟ್ಟಿಯಲ್ಲಿ ಹೆಸರು. ಅದಕ್ಕೆ ಮೂರು ಸಲವಾದರೂ ಆಡಿರಬೇಕು, ಮೊದಲ ಆಟಕ್ಕೂ ಮೂರನೆಯದಕ್ಕೂ ನಡುವೆ ಕನಿಷ್ಠ 56 ದಿನ ಕಳೆದಿರಬೇಕು. ಅಲ್ಲಿಯವರೆಗೆ ಮೈದಾನದಲ್ಲೇ ಬಾಡಿಗೆಗೆ ತಗೊಳ್ಳಿ.

ನಮ್ಮೂರಲ್ಲಿ ಹಂದಿ ಕಾಯಲು ಹೆಗಲಿಗೆ ಕೋವಿ ಹಾಕಿಕೊಂಡು ಹೋದರೆ ಯಾರೂ ಬೆಚ್ಚುವುದಿಲ್ಲ, ಅಲ್ವಾ? ಇಲ್ಲಿ ಆಟದ ಬಂದೂಕನ್ನೂ ಸರಿಯಾದ ಕಾರಣವಿಲ್ಲದೆ ಬೀದಿಯಲ್ಲಿ ಹಿಡಿದು ತಿರುಗುವುದು ಅಪರಾಧ. ಬಸ್ಸಿನಲ್ಲಿ, ರೈಲಿನಲ್ಲಿ ಮುಚ್ಚಿದ ಚೀಲದೊಳಗೇ ಇರಲಿ.

ಇನ್ನು ಎಣ್ಣೆ. ಗ್ಯಾಸ್ ಪಿಸ್ತೂಲಿಗೆ ತುಂಬುವ ಗ್ರೀನ್ ಗ್ಯಾಸ್ ಅಂದರೆ ಬಹುಪಾಲು ಪ್ರೊಪೇನ್, ಜೊತೆಗೆ ಚೂರು ಸಿಲಿಕೋನ್ ಎಣ್ಣೆ. ಮ್ಯಾಗಜಿನ್‌ನಲ್ಲಿ ಅದನ್ನು ಸೋರದಂತೆ ತಡೆಯುವುದು ವಾಲ್ವಿನ ಪುಟ್ಟ ರಬ್ಬರ್ ರಿಂಗುಗಳು, ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬುತ್ತವೆ, ಒಣಗಿದರೆ ಬಿರಿಯುತ್ತವೆ. ಅದಕ್ಕೇ ಶುದ್ಧ ಸಿಲಿಕೋನ್ ಎಣ್ಣೆ ಮಾತ್ರ ಹಾಕಿ. ತುಕ್ಕು ಬಿಡಿಸಲು ಸಿಂಪಡಿಸುವ ಮಾಮೂಲಿ ಡಬ್ಲ್ಯುಡಿ-40 ಕೂಡ ಬೇಡ.

ಮ್ಯಾಗಜಿನ್ ತೆಗೆಯಿರಿ. ಪಿಸ್ತೂಲಿನೊಳಗೆ ಗುಂಡು ಉಳಿದಿಲ್ಲ ಅಂತ ನೋಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಗ್ಯಾಸ್ ತುಂಬುವ ವಾಲ್ವಿಗೆ ಒಂದೆರಡು ಹನಿ ಬಿಟ್ಟು ಆಮೇಲೆ ಗ್ಯಾಸ್ ತುಂಬಿದರೆ ಎಣ್ಣೆ ತಾನಾಗಿ ಒಳಗಿನ ರಿಂಗುಗಳಿಗೆ ಮುಟ್ಟುತ್ತದೆ. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಸರಿಯುವ ಭಾಗ, ಜಾರುವ ಹಳಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು.

ಅಜ್ಜನ ಪಾಠ ಪೂರ್ತಿ ತಿರುಗುಮುರುಗಾಗುವುದು ನಳಿಗೆಯಲ್ಲಿ. ಅಲ್ಲಿ ಎಣ್ಣೆಯ ಪಸೆಯೂ ಇರಬಾರದು. ನಳಿಗೆಯ ಹಿಂತುದಿಯಲ್ಲಿ ಹಾಪ್-ಅಪ್ ರಬ್ಬರ್ ಇದೆ. 6 ಮಿ.ಮೀ. ಪ್ಲಾಸ್ಟಿಕ್ ಗುಂಡಿನ ಮೇಲ್ಭಾಗವನ್ನು ಅದು ಉಜ್ಜಿ ಹಿಮ್ಮುಖವಾಗಿ ತಿರುಗಿಸುತ್ತದೆ. ಹಾಗೆ ತಿರುಗಿದರೆ ಮಾತ್ರ ಗುಂಡು ದೂರಕ್ಕೆ ನೇರ ಹೋಗುತ್ತದೆ. ರಬ್ಬರಿಗೆ ಎಣ್ಣೆ ತಾಗಿದರೆ ಹಿಡಿತ ತಪ್ಪಿ ಗುಂಡು ಎಲ್ಲೆಲ್ಲೋ ಹಾರುತ್ತದೆ. ಹಾಪ್-ಅಪ್ ಪೂರ್ತಿ ಸಡಿಲಿಸಿ. ಕಡ್ಡಿಗೆ ಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿ ಒರೆಸಿ. ಬಳಿಕ ಒಣ ಬಟ್ಟೆ ಎಳೆಯಿರಿ.

ಎತ್ತಿಡುವಾಗ ಮ್ಯಾಗಜಿನ್‌ನಲ್ಲಿ ಸ್ವಲ್ಪ ಗ್ಯಾಸ್ ಉಳಿಸಿ, ರಿಂಗುಗಳು ಒಣಗುವುದಿಲ್ಲ. ಚಳಿಗೆ ಗ್ಯಾಸಿನ ಒತ್ತಡ ಇಳಿಯುತ್ತದೆ. ಆಗ ಮ್ಯಾಗಜಿನ್ ಜೇಬಿನಲ್ಲಿಟ್ಟುಕೊಳ್ಳಿ, ಹೀಟರ್ ಮೇಲೆ ಖಂಡಿತ ಇಡಬೇಡಿ. ರಜೆಗೆ ಊರಿಗೆ ಹೊರಟಾಗ ಗ್ಯಾಸ್ ಕ್ಯಾನನ್ನು ಇಲ್ಲೇ ಬಿಟ್ಟು ಬನ್ನಿ. ವಿಮಾನದಲ್ಲಿ ಕೈಚೀಲಕ್ಕೂ ಲಗೇಜಿಗೂ ಅದನ್ನು ಬಿಡುವುದಿಲ್ಲ.