ಒಂದು ಕಿಲೋವ್ಯಾಟ್ ಸಾಕಾಯಿತು

ಎಂಟು ಅಡಿ ಉದ್ದ, ಆರು ಅಡಿ ಅಗಲದ ಗಾಜಿನ ಹಸಿರುಮನೆಗೆ ಎರಡು ಕಿಲೋವ್ಯಾಟ್‌ಗಿಂತ ಕಡಿಮೆಯ ಹೀಟರ್ ಸಾಲುವುದಿಲ್ಲ ಎಂದು ಸ್ನೇಹಿತರೆಲ್ಲ ಖಡಾಖಂಡಿತವಾಗಿ ಹೇಳಿದ್ದರು. ಕಳೆದ ಚಳಿಗಾಲದಲ್ಲಿ ಹೊರಗೆ ಮೈನಸ್ 4 ಡಿಗ್ರಿಗೆ ಇಳಿದ ರಾತ್ರಿಯೂ ನನ್ನ ಒಂದು ಕಿಲೋವ್ಯಾಟ್ ಹೀಟರ್ ಒಳಗಿನ ತಾಪಮಾನವನ್ನು 7ರ ಕೆಳಗೆ ಬಿಡಲಿಲ್ಲ. ಮೆಣಸಿನ ಗಿಡ ಒಂದೂ ಸಾಯಲಿಲ್ಲ.

ಇಲ್ಲಿಗೆ ಬರಲು ಮೂರು ಚಳಿಗಾಲ ಹಿಡಿಯಿತು. ಮೊದಲನೆಯ ವರ್ಷ ಇಟ್ಟದ್ದು ಎಣ್ಣೆ ತುಂಬಿದ ರೇಡಿಯೇಟರ್. ಅದು ಕಾಯುವಷ್ಟರಲ್ಲಿ ಒಳಗೆ ಚಳಿ ಕೂತಿರುತ್ತಿತ್ತು. ಬಿಸಿಲು ಬಂದ ಮೇಲೂ ಆರುತ್ತಿರಲಿಲ್ಲ. ಮರುವರ್ಷ ಎರಡು ಕಿಲೋವ್ಯಾಟ್ ಫ್ಯಾನ್ ಹೀಟರ್ ತಂದೆ. ಬಿಸಿ ನೋಡಿ ಹೀಟರನ್ನು ಹೊತ್ತಿಸಿ ಆರಿಸುವ ಅದರ ಥರ್ಮೋಸ್ಟಾಟ್, ಕಾಯುವ ಸುರುಳಿಯ ಪಕ್ಕದಲ್ಲೇ ಇತ್ತು. ತನ್ನ ಬಿಸಿಗೆ ತಾನೇ ಮೋಸಹೋಗಿ ಆರಿಹೋಗುತ್ತಿತ್ತು, ಆಚೆ ಮೂಲೆಯಲ್ಲಿ ಮಾತ್ರ ಮೂರೇ ಡಿಗ್ರಿ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ರಾತ್ರಿಗೆ ಹದಿನಾಲ್ಕು ಯೂನಿಟ್ ಓಡಿತು, ಆ ತಿಂಗಳ ಬಿಲ್ಲು ಎರಡು ಪಟ್ಟು ಬಂತು.

ಹಣ ಉಳಿಸಲು ಸೀಮೆಎಣ್ಣೆ ಒಲೆಗೆ ಹೋದದ್ದು ದೊಡ್ಡ ತಪ್ಪು. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಬೆಳಿಗ್ಗೆ ಗಾಜಿನ ಮೇಲೆಲ್ಲ ನೀರು ಇಳಿಯುತ್ತಿತ್ತು. ಜೆರೇನಿಯಂ ಸಸಿಗಳ ಬುಡದಲ್ಲಿ ಬೂದು ಬಣ್ಣದ ನವಿರು ಕಾಣಿಸಿತು. ಬೆರಳು ತಾಗಿದರೆ ಹೊಗೆಯಂತೆ ಪುಡಿ ಏಳುತ್ತಿತ್ತು. ನಲವತ್ತು ಸಸಿಗಳನ್ನು ಕಿತ್ತೆಸೆದೆ.

ಆಮೇಲೆ ಲೆಕ್ಕಕ್ಕೆ ಕೂತೆ. ಸುರುಳಿಯ ಹೀಟರುಗಳೆಲ್ಲ ಒಂದು ಯೂನಿಟ್‌ಗೆ ಕೊಡುವ ಶಾಖ ಒಂದೇ. ಪೆಟ್ಟಿಗೆಯ ಮೇಲಿನ ‘ಮಿತವ್ಯಯ’ ಎಂಬ ಮಾತನ್ನು ನಂಬಿ ಹಣ ಸುರಿಯಬೇಡಿ. ಉಳಿತಾಯ ಇರುವುದು ಗಾಜಿನಲ್ಲಿ. ನನ್ನದು ಒಟ್ಟು 18 ಚದರ ಮೀಟರ್ ಗಾಜು. ಒಂಟಿ ಗಾಜಿನಿಂದ ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಹತ್ತಿರಹತ್ತಿರ 6 ವ್ಯಾಟ್ ಸೋರುತ್ತದೆ. ಹನ್ನೊಂದು ಡಿಗ್ರಿ ವ್ಯತ್ಯಾಸವಿದ್ದರೆ ಸುಮಾರು 1,200 ವ್ಯಾಟ್. ಸಂದುಗಳಲ್ಲಿ ಹೋಗುವುದು ಬೇರೆ. ಒಳಗಿನಿಂದ ಗುಳ್ಳೆ ಪ್ಲಾಸ್ಟಿಕ್ ಹೊದಿಸಿ, ಬಾಗಿಲಿನ ಸಂದಿಗೆ ಬ್ರಷ್ ಪಟ್ಟಿ ಬಡಿದ ಮೇಲೆ ಅದು 800ರ ಆಸುಪಾಸಿಗೆ ಇಳಿಯಿತು. ಆಗಲೇ ಒಂದು ಕಿಲೋವ್ಯಾಟ್ ಹೀಟರ್ ಕೊಂಡೆ.

ಕೊಳ್ಳುವಾಗ ಎರಡನ್ನು ಮಾತ್ರ ನೋಡಿದೆ: ನೀರು ಸಿಡಿದರೂ ತಡೆಯುವ ಮೈ ಇರಬೇಕು, ಸುರುಳಿ ಆರಿದಾಗಲೂ ಫ್ಯಾನ್ ತಿರುಗುತ್ತಿರಬೇಕು. ಗಾಳಿ ಆಡುತ್ತಿದ್ದರೆ ಬೂದು ಬೂಷ್ಟು ಹತ್ತುವುದು ತೀರ ಕಡಿಮೆ. ಥರ್ಮೋಸ್ಟಾಟ್ ಬೇರೆಯೇ ತಂದೆ, ಡಿಜಿಟಲ್. ಅದು ಸುರುಳಿಯನ್ನು ಮಾತ್ರ ಆರಿಸುವಂತೆ ತಂತಿ ಜೋಡಿಸಿಕೊಂಡೆ. ಅದರ ಸಂವೇದಕವನ್ನು ಹಸಿರುಮನೆಯ ನಡುವೆ, ಎಲೆಗಳ ಎತ್ತರದಲ್ಲಿ, ಬಿಸಿಲು ತಾಗದಂತೆ ತೂಗುಹಾಕಿದೆ. ಅದಕ್ಕೆ ಕಟ್ಟಿದ ಮರೆ ನನ್ನದೇ ಉಪಾಯ, ಸದ್ಯಕ್ಕೆ ಅದನ್ನು ಬಿಟ್ಟುಕೊಡುವುದಿಲ್ಲ. ಮೊದಲು 10 ಡಿಗ್ರಿಗೆ ಇಡುತ್ತಿದ್ದೆ, ಈಗ 7. ಹೆಚ್ಚು ಬಿಸಿ ಬೇಡುವ ಮೊಳಕೆಗಳು ಮುಚ್ಚಳದ ತಟ್ಟೆಯಲ್ಲಿ, ಇಪ್ಪತ್ತು ವ್ಯಾಟ್‌ಗಿಂತ ಕಡಿಮೆಯ ಬಿಸಿಚಾಪೆಯ ಮೇಲೆ ಹಾಯಾಗಿರುತ್ತವೆ.

ಈ ನಡುವೆ, ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಡಲೆಂದು, ಕಪ್ಪು ಬಳಿದ 200 ಲೀಟರಿನ ನೀರಿನ ಡ್ರಮ್ಮನ್ನೂ ಪರೀಕ್ಷಿಸಿದೆ. ಐದು ಡಿಗ್ರಿ ತಣಿದರೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ಶಾಖ ಸಿಗಬೇಕು. ಆದರೆ ಚಳಿಗಾಲದ ಬಿಸಿಲಿಗೆ ಅದು ಎರಡು ಡಿಗ್ರಿಗಿಂತ ಹೆಚ್ಚು ಏರಲೇ ಇಲ್ಲ. ಜಾಗ ಹೋದದ್ದೇ ಬಂತು, ತೆಗೆದುಹಾಕಿದೆ.

ವಯರಿನ ವಿಷಯದಲ್ಲಿ ಜಿಪುಣತನ ಬೇಡ. ಸುತ್ತಿಟ್ಟ ಎಕ್ಸ್‌ಟೆನ್ಷನ್‌ನಲ್ಲೇ ಒಂದು ರಾತ್ರಿ ಹೀಟರ್ ನಡೆಸಿದ್ದೆ. ಬೆಳಿಗ್ಗೆ ಮುಟ್ಟಿದರೆ ಸುತ್ತಿನ ನಡುವಿನ ವಯರು ಮೆತ್ತಗಾಗಿ ಒಂದಕ್ಕೊಂದು ಅಂಟಿತ್ತು. ಅಂದೇ ವಿದ್ಯುತ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಸೋರಿಕೆ ಬ್ರೇಕರ್ ಹಾಕಿಸಿ, ನೇರ ಲೈನ್ ಎಳೆಸಿದೆ. ಹೀಟರಿಗಿಂತ ಅದಕ್ಕೇ ಹೆಚ್ಚು ಖರ್ಚಾಯಿತು.

ಈಗ ಚಳಿ ಬಿಗಿಯಾದ ರಾತ್ರಿಗೆ ಆರು ಯೂನಿಟ್, ಅಬ್ಬಬ್ಬಾ ಎಂದರೆ ಏಳು. ಎರಡು ಕಿಲೋವ್ಯಾಟ್ ಬೇಕೇ ಬೇಕು ಎಂದು ವಾದಿಸುತ್ತಿದ್ದ ಸ್ನೇಹಿತರೊಬ್ಬರು ಮೊನ್ನೆ ಬಂದು ಗುಳ್ಳೆ ಹಾಳೆಯ ಅಳತೆ ಬರೆದುಕೊಂಡು ಹೋದರು.